ಕೆಂಪು ಶಾಯಿಯ ಇಪ್ಪತ್ತೇಳು

ಪೂವಯ್ಯನ ಕೈಬರಹ ಚೆಂದವಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ದು ಆ ಕೈಬರಹವೇ. ನಕಲು ಗುಮಾಸ್ತನಿಗೆ ಬುದ್ಧಿ ಬೇಡ, ಕಣ್ಣು ಬೇಕು, ಬೆರಳು ಬೇಕು, ಕೂತಲ್ಲಿ ಕೂರುವ ತಾಳ್ಮೆ ಬೇಕು ಎಂದು ತಾಲ್ಲೂಕು ನೋಡಿಕೊಳ್ಳುತ್ತಿದ್ದ ಹಳೆಯ ಸುಬೇದಾರರೊಬ್ಬರು ಹೇಳುತ್ತಿದ್ದರು. ಮೂರೂ ಅವನಲ್ಲಿದ್ದವು.

ಜಮೀನಿನ ಹಳೆಯ ಪುಸ್ತಕ ನಕಲು ಮಾಡುವುದು ನೋಡಿದಷ್ಟು ಸಲೀಸಲ್ಲ. ಊರಿಗೊಂದು ಪುಸ್ತಕ. ಮುಂದಿನ ಹಾಳೆಗಳಲ್ಲಿ ಸಾಲಾಗಿ ಸರ್ವೆ ನಂಬರುಗಳು. ಯಾರದು, ಎಷ್ಟು, ಗದ್ದೆಯೋ, ಗದ್ದೆಯ ಮೇಲಿನ ಬಾಣೆ ಕಾಡೋ, ಜೌಗೋ, ಎಲ್ಲ ಅಲ್ಲಿರುತ್ತದೆ. ಅಲ್ಲಲ್ಲಿ ಸಾಲಿನ ತುದಿಗೆ ಕೆಂಪು ಶಾಯಿಯಲ್ಲಿ ಸಣ್ಣ ಅಂಕಿಯೊಂದು ಬರೆದಿರುತ್ತದೆ. ಅಂಕಿ ಕಂಡರೆ ಪುಸ್ತಕದ ಹಿಂಭಾಗಕ್ಕೆ ಹೋಗಬೇಕು. ಅಲ್ಲಿ ಅದೇ ಅಂಕಿಯ ಎದುರು ಟಿಪ್ಪಣಿ. ಈ ದಾರಿಯಲ್ಲಿ ಇಂಥವರ ದನ ಹೋಗಬಹುದು, ಈ ತೋಡಿನ ನೀರು ಮೊದಲು ಇಂಥವರ ಗದ್ದೆಗೆ, ಹೀಗೆ. ಜಮೀನು ಯಾರದೆಂದು ಮುಂದಿನ ಹಾಳೆ ಹೇಳಿದರೆ, ಆ ಜಮೀನಿನಲ್ಲಿ ಬದುಕುವವರ ಮಾತೆಲ್ಲ ಹಿಂದಿನ ಹಾಳೆಯಲ್ಲಿತ್ತು.

ಹಿಂದಕ್ಕೆ ಹೋಗಿ ಮುಂದಕ್ಕೆ ಬರುವಾಗ ಸಾಲು ತಪ್ಪುವುದೇ ಹೆಚ್ಚು. ಪೂವಯ್ಯ ಅದಕ್ಕೊಂದು ದಾರಿ ಮಾಡಿಕೊಂಡಿದ್ದ. ಸೀಳಿದ ಬಿದಿರಿನ ತೆಳ್ಳನೆಯ ಎರಡು ಕಡ್ಡಿ. ಒಂದನ್ನು ಮುಂದಿನ ಸಾಲಿನ ಕೆಳಗಿಡುವುದು, ಇನ್ನೊಂದನ್ನು ಹಿಂದಿನ ಟಿಪ್ಪಣಿಯ ಕೆಳಗೆ. ಅಂಕಿ ಬಂದಾಗಲೆಲ್ಲ ಅಲ್ಲಿಗೆ ಹೋಗಿ, ಓದಿ, ಬಂದು, ಮತ್ತೆ ಅದೇ ಅಂಕಿ ನೋಡಿ, ಆಮೇಲೆಯೇ ಬರೆಯುವುದು. ದಿನಕ್ಕೆ ನಾಲ್ಕು ಹಾಳೆ ಮುಗಿದರೆ ಹೆಚ್ಚು. ಯಾರೂ ಅವಸರ ಮಾಡುತ್ತಿರಲಿಲ್ಲ.

ಆ ಕಡ್ಡಿ ಕೊಟ್ಟವಳು ಮಾದಿ. ಅತ್ತಿಕೊಲ್ಲಿ ಎಂಬ ಊರಿನ ಬಾಣೆಯಲ್ಲಿ ಬೆಟ್ಟಕುರುಬರ ಹಾಡಿಯೊಂದಿತ್ತು. ಹನ್ನೊಂದು ಗುಡಿಸಲು. ಮಾದಿ ಅಲ್ಲಿನ ಹಿರಿಯಳು. ವರ್ಷಕ್ಕೆರಡು ಸಲ ಮಗ ಗುಂಡನ ತಲೆಯ ಮೇಲೆ ಬುಟ್ಟಿ, ಮೊರ ಹೊರಿಸಿಕೊಂಡು ಬಂದು ಪೂವಯ್ಯನ ಮನೆಯ ಮುಂದೆ ಇಳಿಸುತ್ತಿದ್ದಳು. ಅವನ ಹೆಂಡತಿ ಗಂಗಮ್ಮ ಅಕ್ಕಿ ಅಳೆದುಕೊಟ್ಟು ಮೊರ ತೆಗೆದುಕೊಳ್ಳುವಳು. ಮಾದಿ ಹೊರಡುವ ಮುಂಚೆ ಒಂದೇ ಮಾತು ಕೇಳುತ್ತಿದ್ದಳು.

"ಅಯ್ಯಾ, ನಮ್ಮ ಕೆಂಪು ಉಂಟಾ?"

"ಉಂಟು ಮಾದಿ. ಎಲ್ಲಿಗೆ ಹೋಗ್ತದೆ?"

"ನನ್ನ ಗಂಡನ ಅಪ್ಪ ಹೇಳಿದ್ದು, ಸರ್ವೆಯ ದೊರೆ ಕೆಂಪಲ್ಲಿ ಬರೆದದ್ದು. ನಾನು ಕಂಡದ್ದು ಕಣ್ಣಾರೆ. ಇಷ್ಟುದ್ದ ಇದ್ದೆ ನಾನು. ಕೆಂಪು ಕಂಡು ನೆತ್ತರು ಅಂತ ಓಡಿದ್ದೆ."

ಅವಳು ಹೇಳುತ್ತಿದ್ದುದು ಇಪ್ಪತ್ತೇಳನೇ ಟಿಪ್ಪಣಿಯ ಮಾತು. ಅತ್ತಿಕೊಲ್ಲಿಯ ಅರವತ್ತಮೂರನೇ ಸರ್ವೆ ನಂಬರು, ಬಾಣೆ. ಕೆಂಪು ಇಪ್ಪತ್ತೇಳು. ಹಿಂದಿನ ಹಾಳೆಗೆ ಹೋದರೆ, 'ಈ ನಂಬರಿನಲ್ಲಿ ಕುರುಬರು ತಲೆತಲಾಂತರದಿಂದ ಮನೆ ಮಾಡಿಕೊಂಡಿದ್ದಾರೆ, ತಮ್ಮ ಹೆಣಗಳನ್ನು ಮಣ್ಣು ಮಾಡುತ್ತಾರೆ, ಬಿದಿರು ಕಡಿಯುತ್ತಾರೆ. ಜಮೀನು ಯಾರ ಕೈಗೆ ಹೋದರೂ ಇವರನ್ನು ಎಬ್ಬಿಸತಕ್ಕದ್ದಲ್ಲ' ಎಂದಿತ್ತು. ಪೂವಯ್ಯ ಅದನ್ನು ಎರಡು ಸಲ ನಕಲು ಮಾಡಿದ್ದ, ಬಾಯಿಪಾಠವಾಗಿತ್ತು. ಮಾದಿಯ ಗಂಡ ಆ ಬಾಣೆಯ ಗುಡ್ಡದಲ್ಲೇ ಮಣ್ಣಾಗಿದ್ದ, ಹುಟ್ಟಿ ಸತ್ತ ಮೂರು ಮಕ್ಕಳೂ. ಅವರ ಪಕ್ಕದಲ್ಲಿ ತನಗೊಂದು ಜಾಗ ಬಿಟ್ಟುಕೊಂಡು ಅದರ ಮೇಲೆ ಚಪ್ಪಟೆ ಕಲ್ಲೊಂದನ್ನು ಅವಳೇ ಹಾಕಿಟ್ಟಿದ್ದಳಂತೆ. "ಅತ್ತೆ ಆಗಾಗ ಹೋಗಿ ಅದರ ಮೇಲೆ ಕೂತು ಎಲೆ ಅಡಿಕೆ ಹಾಕ್ತಾಳೆ. ಹಾಸಿಗೆ ಬಿಸಿ ಮಾಡ್ತಾ ಇದ್ದೇನೆ ಅಂತಾಳೆ" ಎಂದು ಗುಂಡನ ಹೆಂಡತಿ ಸಣ್ಣಿ ಒಮ್ಮೆ ಗಂಗಮ್ಮನ ಹತ್ತಿರ ನಗುತ್ತಾ ಹೇಳಿದ್ದಳು.

ಕೊಡಗು ಮೈಸೂರಿಗೆ ಸೇರಿತು. ಸುಬೇದಾರರ ಕುರ್ಚಿಯಲ್ಲಿ ಅಮಲ್ದಾರರು ಕೂತರು. ಮೇಜು ಅದೇ, ಹಾಳೆ ಹೊಸದು. ಐವತ್ತೆಂಟನೇ ಇಸವಿಯ ಶುರುವಿಗೆ ಒಂದು ಆರ್ಡರು ಬಂತು. ತಾಲ್ಲೂಕಿನ ಹಳೆಯ ಪುಸ್ತಕಗಳನ್ನೆಲ್ಲ ಹೊಸ ನಮೂನೆಗೆ ಇಳಿಸಿ, ಮಾರ್ಚಿ ಕೊನೆಯೊಳಗೆ ದೊಡ್ಡ ಕಚೇರಿಗೆ ಕಳಿಸಬೇಕು. ನಲವತ್ತೆರಡು ಊರು, ಮೂರು ತಿಂಗಳು.

ಪೂವಯ್ಯನ ಎರಡು ಕಡ್ಡಿಯ ಲೆಕ್ಕದಲ್ಲಿ ಅದು ಮೂರು ವರ್ಷದ ಕೆಲಸ. ಹಾಗಾಗಿ ಶಿರಸ್ತೇದಾರರು ಕೆಲಸವನ್ನು ಸೀಳಿ ಎರಡು ಮಾಡಿದರು. ಮುಂದಿನ ಹಾಳೆಗಳು ಪೂವಯ್ಯನಿಗೆ, ಹಿಂದಿನ ಟಿಪ್ಪಣಿಗಳು ಸಣ್ಣಸ್ವಾಮಿಗೆ. ಸಣ್ಣಸ್ವಾಮಿ ಮೈಸೂರು ಕಡೆಯವನು, ಅವನಪ್ಪ ಕುಶಾಲನಗರದ ಹತ್ತಿರ ಜಮೀನು ಮಾಡಿ ನೆಲೆಸಿದ್ದ. ಎಸ್ಸೆಸ್ಸೆಲ್ಸಿ ಪಾಸು. ಬಲು ಚುರುಕು, ಕೆಟ್ಟವನಲ್ಲ. ಹೊಲಿಗೆ ಬಿಚ್ಚಿ ಪುಸ್ತಕವನ್ನು ಎರಡು ಭಾಗ ಮಾಡಿದರು. ಮುಂಭಾಗ ಈ ಮೇಜಿಗೆ, ಹಿಂಭಾಗ ಆ ಮೇಜಿಗೆ. ಹೋಗಿ ಬರುವ ದಾರಿಯೇ ಇಲ್ಲವಾಯಿತು.

ಹೊಸ ಹಾಳೆಯ ತಲೆಯಲ್ಲಿ ಒಂದು ಮಾತು ಅಚ್ಚಾಗಿತ್ತು: 'ಪ್ರತಿ ಹಾಳೆಯಲ್ಲಿ ಟಿಪ್ಪಣಿಯ ಅಂಕಿ ಒಂದರಿಂದ ಆರಂಭವಾಗತಕ್ಕದ್ದು.' ಹಳೆಯ ಪುಸ್ತಕದಲ್ಲಿ ಹಾಗಿರಲಿಲ್ಲ. ಊರಿನ ಮೊದಲ ಟಿಪ್ಪಣಿ ಒಂದಾದರೆ ಕೊನೆಯದು ಎಂಬತ್ತೋ ತೊಂಬತ್ತೋ ಆಗುತ್ತಿತ್ತು. ಆರ್ಡರು ಎಂದಮೇಲೆ ಆರ್ಡರು. ಪೂವಯ್ಯ ತನ್ನ ಪ್ರತಿ ಹಾಳೆಯಲ್ಲೂ ಒಂದರಿಂದ ಶುರು ಮಾಡಿದ, ಸಣ್ಣಸ್ವಾಮಿಯೂ ತನ್ನ ಪ್ರತಿ ಹಾಳೆಯಲ್ಲಿ ಒಂದರಿಂದ ಶುರು ಮಾಡಿದ. ಬರೆದದ್ದು ಇಬ್ಬರೂ ಸರಿಯಾಗಿಯೇ.

ಅತ್ತಿಕೊಲ್ಲಿಯ ಎರಡು ಭಾಗವನ್ನೂ ಸೇರಿಸಿ ಹೊಲಿದದ್ದು ಮಾರ್ಚಿ ಮೂರನೇ ವಾರ. ಹೊಲಿದ ಮೇಲೆ ಪೂವಯ್ಯ ಹಳೆಯ ಅಭ್ಯಾಸದಂತೆ ಎರಡು ಕಡ್ಡಿ ತೆಗೆದು ಒಂದು ಸಲ ನೋಡೋಣವೆಂದು ಕೂತ. ಅರವತ್ತಮೂರನೇ ನಂಬರು ಅವನ ನಾಲ್ಕನೇ ಹಾಳೆಯಲ್ಲಿತ್ತು, ತುದಿಯಲ್ಲಿ ಕೆಂಪು ಎರಡು. ಹೊಸ ನಮೂನೆಯಂತೆ ಟಿಪ್ಪಣಿಯದೂ ನಾಲ್ಕನೇ ಹಾಳೆಗೆ ಹೋಗಿ ಎರಡನೆಯದನ್ನು ಓದಿದ.

'ಎಲ್ಲೆಯಲ್ಲಿ ಒಂದು ಹಲಸಿನ ಮರವಿರುತ್ತದೆ. ಅದರ ಹಣ್ಣು ಭಗವತಿ ಗುಡಿಗೆ ಸೇರತಕ್ಕದ್ದು.'

ಕಡ್ಡಿ ಜಾರಿತೇನೋ ಎಂದುಕೊಂಡು ಮುಂದಕ್ಕೆ ಬಂದು, ಅಂಕಿ ನೋಡಿ, ಮತ್ತೆ ಹಿಂದಕ್ಕೆ ಹೋದ. ಹಲಸಿನ ಮರವೇ.

ಹಾಡಿಯ ಮಾತನ್ನು ಹುಡುಕಿದ. ಅದು ಟಿಪ್ಪಣಿಯ ಮೂರನೇ ಹಾಳೆಯಲ್ಲಿ ಏಳನೆಯದಾಗಿ ಕೂತಿತ್ತು. ಮುಂದಿನ ಮೂರನೇ ಹಾಳೆಯ ಕೆಂಪು ಏಳು ಯಾವುದೆಂದು ನೋಡಿದರೆ ಐವತ್ತೆಂಟನೇ ನಂಬರು, ತೊರೆಯ ಬದಿಯ ಜೌಗು, ಸರ್ಕಾರದ್ದು. ಕೋಣ ಇಳಿದರೆ ಮೇಲೆ ಬರುವುದು ಕಷ್ಟ ಎನ್ನುವಂಥ ಜಾಗ.

ಪೂವಯ್ಯ ಬಹಳ ಹೊತ್ತು ಬೆರಳು ಮಡಿಸಿ ಎಣಿಸುತ್ತಾ ಕೂತ. ಆಮೇಲೆ ತಿಳಿಯಿತು. ಅವನ ಹಾಳೆ ತುಂಬುತ್ತಿದ್ದುದು ಇಪ್ಪತ್ತು ಜಮೀನಿಗೆ. ಸಣ್ಣಸ್ವಾಮಿಯ ಹಾಳೆ ತುಂಬುತ್ತಿದ್ದುದು ಹತ್ತು ಟಿಪ್ಪಣಿಗೆ. ಒಂದು ಹಾಳೆ ಜಮೀನಿಗೆ ಕೆಲವು ಕಡೆ ಎಂಟು ಟಿಪ್ಪಣಿ, ಕೆಲವು ಕಡೆ ಹನ್ನೆರಡು. ಎರಡೂ ಮೇಜಿನ ಹಾಳೆಗಳು ಬೇರೆ ಬೇರೆ ಜಾಗದಲ್ಲಿ ಮುರಿದಿದ್ದವು, ಮುರಿದಲ್ಲೆಲ್ಲ ಅಂಕಿ ಮತ್ತೆ ಒಂದಕ್ಕೆ ಬಂದಿತ್ತು. ಹೀಗೆ ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ಹೋಗಿತ್ತು, ಒಬ್ಬರ ದಾರಿ ಇನ್ನೊಬ್ಬರ ಅಂಗಳದಲ್ಲಿ ಬಿದ್ದಿತ್ತು, ಹನ್ನೊಂದು ಗುಡಿಸಲು ಗುಡ್ಡದಿಂದಿಳಿದು ಕೆಸರಲ್ಲಿ ನಿಂತಿತ್ತು.

ಎದ್ದು ಸಣ್ಣಸ್ವಾಮಿಯ ಮೇಜಿಗೆ ಹೋದ. ಅವನು ಕೇಳಿ, ನೋಡಿ, ಹಣೆ ಉಜ್ಜಿಕೊಂಡ.

"ಅಲ್ಲಾ ಪೂವಯ್ಯನೋರೆ, ಇದು ಅತ್ತಿಕೊಲ್ಲಿ ಒಂದರಲ್ಲೇಯಾ?"

"ಎಲ್ಲದರಲ್ಲೂ ಸಣ್ಣಸ್ವಾಮಿ. ನಾವು ಎಲ್ಲಾ ಊರನ್ನೂ ಹೀಗೇ ಮಾಡಿದ್ದು."

"ಮೂವತ್ತೆಂಟು ಊರು ಮುಗ್ದವೆ! ಬುಡಿ ಅತ್ಲಾಗೆ. ನೀವು ಹಿಂಗೆ ತಿರುವ್ ತಿರುವ್ ನೋಡ್ತಾ ಕೂತ್ರೆ ಮಾರ್ಚಿ ಏನು, ಬರೋ ಯುಗಾದಿ ಹೋಳಿಗೆನೂ ಹಳಸ್ತದೆ. ಈ ಟಿಪ್ಪಣಿ ಯಾರು ಓದ್ತಾರೆ ಹೇಳಿ?"

"ಬೇಕಾದವರು ಓದ್ತಾರಲ್ಲ."

"ಬೇಕಾದವರು ಓದ್ದಾಗ ಸರಿ ಮಾಡಾನ. ಈಗ ಹೋಗಿ ಶಿರಸ್ತೇದಾರರ ಕಿವಿಗೆ ಹಾಕ್ಬೇಡಿ, ನಿಮ್ಮ ಕಾಲು ಹಿಡ್ಕತೀನಿ."

ಪೂವಯ್ಯ ಹಾಕಿದ. ಶಿರಸ್ತೇದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೂಗಾಡುವವರಲ್ಲ.

"ಪೂವಯ್ಯ, ನೀವು ಎಷ್ಟನೇ ಕ್ಲಾಸು?"

"ನಾಲ್ಕು, ಸ್ವಾಮಿ."

"ಮಿಡ್ಲ್ ಸ್ಕೂಲ್ ಪಾಸಾಗದವರನ್ನು ತೆಗೆಯಲು ಪಟ್ಟಿ ಕೇಳಿದ್ದಾರೆ ಮೇಲಿನಿಂದ. ನಾನು ಇನ್ನೂ ಕಳಿಸಿಲ್ಲ. ಕೆಲಸ ಗೊತ್ತಿರುವವರು, ಇರಲಿ ಅಂತ. ಈಗ ಮುಗಿದ ಮೂವತ್ತೆಂಟು ಊರೂ ತಪ್ಪು ಅಂತ ನಾನೇ ಬರೆದು ಕಳಿಸಿದರೆ ಅವರು ಕೇಳುವ ಮೊದಲ ಪ್ರಶ್ನೆ ಏನು? ಬರೆದವನು ಯಾರು, ಏನು ಓದಿದ್ದಾನೆ ಅಂತ." ಕನ್ನಡಕ ಹಾಕಿಕೊಂಡರು. "ಕಳಿಸುವ. ಅವರು ನೋಡಿ ವಾಪಸು ಕಳಿಸಿಯೇ ಕಳಿಸುತ್ತಾರೆ. ಆಗ ನಿಧಾನಕ್ಕೆ ತಿದ್ದಿದರಾಯಿತು. ಹೋಗಿ, ರುಜು ಹಾಕಿ."

ಪ್ರತಿ ಪುಸ್ತಕದ ಕೊನೆಯಲ್ಲಿ 'ಮೂಲದೊಂದಿಗೆ ತಾಳೆ ನೋಡಿದೆ, ಸರಿಯಾಗಿರುತ್ತದೆ' ಎಂಬ ಸಾಲಿರುತ್ತದೆ. ಅದರ ಕೆಳಗೆ ನಕಲು ಗುಮಾಸ್ತನ ರುಜು. ಪೂವಯ್ಯ ಸಂಜೆಯವರೆಗೆ ಕೂತಿದ್ದು, ಕಚೇರಿಯ ಕದ ಮುಚ್ಚುವ ಹೊತ್ತಿಗೆ ರುಜು ಹಾಕಿದ. ಚೆಂದದ ರುಜು. ಹೊಸ ಪುಸ್ತಕದ ಒಂದೊಂದು ಪ್ರತಿ ಕಚೇರಿಯಲ್ಲುಳಿಯಿತು. ಇನ್ನೊಂದನ್ನೂ ಹಳೆಯ ಪುಸ್ತಕಗಳನ್ನೂ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಲಾರಿಯಲ್ಲಿ ದೊಡ್ಡ ಕಚೇರಿಗೆ ಕಳಿಸಿದರು.

ವಾಪಸು ಬರಲಿಲ್ಲ. ಏಪ್ರಿಲ್ ಹೋಯಿತು, ಮಳೆಗಾಲ ಹೋಯಿತು. ಎರಡು ಸಲ ನೆನಪಿಸಿದ್ದಕ್ಕೆ ಶಿರಸ್ತೇದಾರರು ಎರಡು ಸಲ ಪಟ್ಟಿಯ ಮಾತು ತೆಗೆದರು. ಮೂರನೆಯ ಸಲ ಪೂವಯ್ಯ ಕೇಳಲಿಲ್ಲ. ತುಲಾ ಸಂಕ್ರಮಣ ಕಳೆದ ಮೇಲೆ ಮಾದಿ ಮೊರ ಹೊರಿಸಿಕೊಂಡು ಬಂದಳು.

"ಅಯ್ಯಾ, ಎಲ್ಲಾ ಪುಸ್ತಕ ಹೊಸತು ಮಾಡಿದ್ದಂತೆ. ನಮ್ಮ ಕೆಂಪು ಉಂಟಾ?"

ಗಂಗಮ್ಮ ಅಕ್ಕಿ ಅಳೆಯುತ್ತಿದ್ದಳು. ಪೂವಯ್ಯ ಮುಖ ತಿರುಗಿಸಿ, ಬೇಲಿಯ ಕಡೆ ನೋಡುತ್ತಾ ಹೇಳಿದ.

"ಉಂಟು ಮಾದಿ."

ಅದು ಸುಳ್ಳೂ ಅಲ್ಲ ಎಂದು ಆ ದಿನವೆಲ್ಲ ತನಗೆ ತಾನೇ ಹೇಳಿಕೊಂಡ. ಇದ್ದದ್ದು ನಿಜ, ಬೇರೆ ಕಡೆ.

ಬೊಳ್ಳಪ್ಪ ಆ ಗುಡ್ಡ ತೆಗೆದುಕೊಂಡದ್ದು ಮಾರನೇ ವರ್ಷದ ಜನವರಿಯಲ್ಲಿ. ಬಾಳೆಲೆ ಕಡೆಯ ಪ್ಲಾಂಟರು, ಅರೆಭಾಷೆಯ ಗೌಡನೇ, ಪೂವಯ್ಯನಿಗೆ ದೂರದ ಭಾವ. ಅತ್ತಿಕೊಲ್ಲಿಯ ಬಾಣೆಯನ್ನು ಕಾಫಿಗೆ ತೆರೆಯಬೇಕೆಂದಿದ್ದ. ವಕೀಲರ ಕೈಲಿ ಪುಸ್ತಕ ನೋಡಿಸಿದ. ಅರವತ್ತಮೂರಕ್ಕೆ ಹಲಸಿನ ಮರ ಬಿಟ್ಟರೆ ಏನೂ ಇರಲಿಲ್ಲ. ಹಾಡಿಯವರನ್ನು ಎಬ್ಬಿಸಿ ನಂಬರು ಬಿಡಿಸಿಕೊಡಬೇಕೆಂದು ಅಮಲ್ದಾರರಿಗೆ ಅರ್ಜಿ ಹಾಕಿದ.

ಅಮಲ್ದಾರರು ಜಾಗ ನೋಡಲು ಜೀಪಿನಲ್ಲಿ ಹೊರಟರು. ಪುಸ್ತಕ ಹಿಡಿದು ಓದಲು ಪೂವಯ್ಯ ಜೊತೆಗೆ. ಗುಡ್ಡದ ಬುಡದಲ್ಲಿ ಬೊಳ್ಳಪ್ಪ ಕುರ್ಚಿ ಹಾಕಿಸಿದ್ದ. ಹಾಡಿಯವರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಮಾದಿಯೊಬ್ಬಳು ಎದ್ದು ನಿಂತಿದ್ದಳು. ಪುಸ್ತಕ ಪೂವಯ್ಯನ ಕೈಲಿರುವುದು ಕಂಡು ಅವಳ ಮುಖ ಹಗುರವಾಯಿತು.

"ನಮ್ಮ ಅಯ್ಯನೇ ಬಂದ. ಓದಿ ಅಯ್ಯಾ, ಕೆಂಪು ಓದಿ."

"ಓದಿ" ಎಂದರು ಅಮಲ್ದಾರರು.

ಪೂವಯ್ಯ ಮುಂದಿನ ಹಾಳೆ ಓದಿದ. ಕೆಂಪು ಎರಡು ಬಂತು. ಹಿಂದಕ್ಕೆ ಹೋದ. ಹಲಸಿನ ಮರವನ್ನು ಓದಿದ. ಬೊಳ್ಳಪ್ಪನ ಆಳುಗಳು ಕಿಸಕ್ಕನೆ ನಕ್ಕರು. ಮಾದಿಗೆ ಅರ್ಥವಾಗಲಿಲ್ಲ, ಇನ್ನೂ ಓದುವುದಿದೆ ಎಂದುಕೊಂಡು ತಲೆ ಆಡಿಸುತ್ತಾ ನಿಂತಿದ್ದಳು. ಆ ತಲೆ ಆಡಿಸುವುದನ್ನು ನೋಡಲಾಗಲಿಲ್ಲ ಅವನಿಗೆ.

"ಸ್ವಾಮಿ, ಇದು ತಪ್ಪು."

"ಏನು ತಪ್ಪು?"

"ಟಿಪ್ಪಣಿ. ಈ ನಂಬರಿನ ಟಿಪ್ಪಣಿ ಮೂರನೇ ಹಾಳೆಯಲ್ಲುಂಟು. ಹಳೇ ಪುಸ್ತಕದಲ್ಲಿ ಇಪ್ಪತ್ತೇಳು." ಬಾಯಿಪಾಠವಿದ್ದದ್ದನ್ನು ಅಕ್ಷರ ಬಿಡದೆ ಹೇಳಿದ. ಹಾಳೆಗಳು ಹೇಗೆ ಮುರಿದವು, ಅಂಕಿ ಹೇಗೆ ಒಂದಕ್ಕೆ ಬಂತು, ಎಲ್ಲ ಹೇಳಿದ.

ಅಮಲ್ದಾರರು ಸಾವಧಾನದಿಂದ ಕೇಳಿದರು. ಆಮೇಲೆ ಪುಸ್ತಕ ತೆಗೆದುಕೊಂಡು ಕೊನೆಯ ಹಾಳೆ ತಿರುಗಿಸಿದರು.

"ಈ ರುಜು ಯಾರದು?"

"ನನ್ನದು ಸ್ವಾಮಿ."

"ತಾಳೆ ನೋಡಿದೆ, ಸರಿಯಾಗಿರುತ್ತದೆ ಅಂತ ಬರೆದಿದ್ದೀರಿ. ಅವತ್ತು ಗೊತ್ತಿತ್ತೋ ಇಲ್ಲವೋ?"

"ಗೊತ್ತಿತ್ತು."

"ಅಂದರೆ ಅವತ್ತು ಸುಳ್ಳು ಬರೆದಿರಿ. ಇವತ್ತು ನಿಜ ಹೇಳ್ತಾ ಇದ್ದೀರಿ ಅಂತ ನಾನು ಯಾವ ಆಧಾರದ ಮೇಲೆ ನಂಬಬೇಕು? ಹಳೆಯ ಪುಸ್ತಕ ಎಲ್ಲಿ?"

"ದೊಡ್ಡ ಕಚೇರಿಗೆ ಹೋಯ್ತು. ತರಿಸಿದರೆ..."

"ಬರೆಯೋಣ. ಬರುವವರೆಗೆ ನನ್ನ ಮುಂದಿರುವುದು ಇದು." ಅವರು ಟಿಪ್ಪಣಿಯ ಮೂರನೇ ಹಾಳೆ ತೆಗೆದು ತಾವೇ ಓದಿದರು. "ನೋಡಿ, ಇವರಿಗೆ ಹಕ್ಕಿಲ್ಲ ಅಂತ ಯಾರೂ ಹೇಳ್ತಾ ಇಲ್ಲ. ಹಕ್ಕು ಸ್ಪಷ್ಟವಾಗಿ ಇದೆ, ಐವತ್ತೆಂಟನೇ ನಂಬರಿನಲ್ಲಿ. ಹಿಂದೆ ಅಲ್ಲಿದ್ದವರು ಮೆಲ್ಲಗೆ ಮೇಲಕ್ಕೆ ಬಂದಿರಬೇಕು. ಅವರ ಜಾಗಕ್ಕೆ ಅವರನ್ನು ಕಳಿಸುವುದು, ಅಷ್ಟೆ. ಬೀದಿಗೆ ಹಾಕುತ್ತಿಲ್ಲ."

"ಅಲ್ಲಿ ಯಾರೂ ಇರಲಿಲ್ಲ ದೊರೆ" ಎಂದ ಗುಂಡ, ಕೂತಲ್ಲಿಂದಲೇ. "ಅಲ್ಲಿ ಕಪ್ಪೆಯೂ ಬೇಸಗೇಲಿ ಮಾತ್ರ ಇರೋದು. ನಮ್ಮ ಸತ್ತವರು ಇಲ್ಲಿದ್ದಾರೆ. ಬನ್ನಿ, ಕಲ್ಲು ತೋರಿಸ್ತೇನೆ."

"ಕೊಡಗಲ್ಲಿ ಕಲ್ಲು ಎಲ್ಲಿಲ್ಲ ಮಾರಾಯ?" ಎಂದ ಬೊಳ್ಳಪ್ಪ. ಅವನ ಆಳುಗಳು ನಕ್ಕರು. ಅಮಲ್ದಾರರು ನಗಲಿಲ್ಲ, ಆದರೆ ಕಲ್ಲು ನೋಡಲು ಹೋಗಲೂ ಇಲ್ಲ.

ಮಾದಿ ಪೂವಯ್ಯನನ್ನೇ ನೋಡುತ್ತಿದ್ದಳು. ಜೀಪು ಹೊರಡುವಾಗ ಹತ್ತಿರ ಬಂದಳು.

"ತುಲಾ ತಿಂಗಳಲ್ಲಿ ಕೇಳಿದೆನಲ್ಲ ಅಯ್ಯಾ. ಉಂಟು ಅಂದಿರಿ."

ಅವಳು ಬೈಯಲಿಲ್ಲ. ಅವನ ಅಂಗಿಯ ತೋಳಿಗೆ ಹತ್ತಿದ್ದ ಹುಲ್ಲಿನ ಕಡ್ಡಿಯೊಂದನ್ನು ತೆಗೆದು ಬಿಸಾಕಿ ಹೋದಳು.

ಮರುವಾರ ಪೂವಯ್ಯನನ್ನು ಕೆಲಸದಿಂದ ತೆಗೆದರು. ಸುಳ್ಳು ರುಜು ಹಾಕಿದ ಕಾರಣ. ಗಂಗಮ್ಮ ಅತ್ತಳು, ಆಮೇಲೆ ಸಿಟ್ಟಾದಳು.

"ಹೇಳುದಿದ್ರೆ ಅವತ್ತೇ ಹೇಳ್ಬೇಕಿತ್ತು. ಇಲ್ಲೆ ಅಂದ್ರೆ ಇವತ್ತೂ ಬಾಯಿ ಮುಚ್ಚಿ ಇರ್ಬೇಕಿತ್ತು. ಎರಡೂ ಕೆಡಿಸಿಕೊಂಡ್ರಿ. ನಿಮ್ಗೆ ಎಂಥ ಹೇಳುದು?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ. ಅವತ್ತೇ ಕೂತು ದೊಡ್ಡ ಕಚೇರಿಗೆ ಅರ್ಜಿ ಬರೆದ, ಅತ್ತಿಕೊಲ್ಲಿಯ ಹಳೆಯ ಪುಸ್ತಕದ ಹಿಂದಿನ ಹಾಳೆಗಳನ್ನು ತೆಗೆಸಿ ನೋಡಬೇಕೆಂದು. ತಿಂಗಳಿಗೊಂದರಂತೆ ಬರೆದ. ಮೂರನೆಯದಕ್ಕೆ ಉತ್ತರ ಬಂತು: 'ಸದರಿ ಪುಸ್ತಕವನ್ನು ಹುಡುಕಲಾಗುತ್ತಿದೆ.'

ಅಷ್ಟರಲ್ಲಿ ಹಾಡಿಯವರನ್ನು ಇಳಿಸಿಯಾಗಿತ್ತು. ಮಾರ್ಚಿ ಕೊನೆ, ಜೌಗು ಒಣಗಿ ಹಸಿರು ಹುಲ್ಲಾಗಿತ್ತು. ಬೊಳ್ಳಪ್ಪ ಗುಡಿಸಲ ಸಾಮಾನು ಹೊರಲು ತನ್ನ ಆಳುಗಳನ್ನೇ ಕೊಟ್ಟ, ಹೊದಿಸಲು ಹುಲ್ಲು ಕೊಟ್ಟ. "ನೀರು ಹತ್ರ ಆಯ್ತು, ಹೆಂಗಸರಿಗೆ ಕೊಡ ಹೊರೋದು ತಪ್ಪಿತು" ಎಂದು ಗುಂಡ ತಮಾಷೆ ಮಾಡಿದ. ಮೇಲೆ ಗುಡ್ಡದಲ್ಲಿ ಮರ ಬೀಳುವ ಸದ್ದು ದಿನವೂ ಕೇಳುತ್ತಿತ್ತು.

ಜೂನಿನ ಮೊದಲ ಮಳೆಗೆ ನೀರು ಮೇಲಿಂದ ಬರಲಿಲ್ಲ, ಕೆಳಗಿಂದ ಬಂತು. ಒಲೆಯ ಬೂದಿಯ ನಡುವೆ ಒರತೆ ಎದ್ದಿತು. ಕಂಬಗಳು ಒಂದೊಂದಾಗಿ ವಾಲಿದವು. ಎರಡು ವಾರದಲ್ಲಿ ಆರು ಮನೆಯವರು ಸಿದ್ದಾಪುರದ ಕಡೆ ಎಸ್ಟೇಟಿನ ಕೂಲಿ ಲೈನಿಗೆ ಹೋದರು, ಉಳಿದವರೂ ಒಬ್ಬೊಬ್ಬರಾಗಿ ಅವರ ಹಿಂದೆಯೇ ಹೋದರು. ಸಣ್ಣಿಯ ಕೂಸಿಗೆ ಜ್ವರ ಬಂದು, ಅವಳೂ ಕೂಸನ್ನು ಕಟ್ಟಿಕೊಂಡು ತವರಿಗೆ ಹೋದಳು. ಗುಂಡ ತಾಯಿಗೆ ಬಿದಿರಿನ ಅಟ್ಟಣಿಗೆ ಕಟ್ಟಿದ. ಮಾದಿ ಅದರ ಮೇಲೆ ಕೂತು ಗುಡ್ಡದ ಕಡೆ ನೋಡುತ್ತಿದ್ದಳು. ಎಲ್ಲಿಗೂ ಬರಲಾರೆ ಎಂದಳು. ಇಲ್ಲಿಂದ ಹೋದರೆ ಗುಡ್ಡ ಇನ್ನೂ ದೂರವಾಗುತ್ತದೆ.

ಪೂವಯ್ಯ ವಾರಕ್ಕೊಮ್ಮೆ ಅಕ್ಕಿ ಹೊತ್ತುಕೊಂಡು ಹೋಗುತ್ತಿದ್ದ. ಮಳೆ ಬಿಡದ ಕಕ್ಕಡ ತಿಂಗಳ ಒಂದು ದಿನ ಮಾದಿ ಅವನ ಕೈ ಹಿಡಿದುಕೊಂಡಳು. ಕೈ ಸುಡುತ್ತಿತ್ತು.

"ಅಯ್ಯಾ, ಬರವಣಿಗೆ ಬೇಡ ಇನ್ನು. ನನ್ನನ್ನು ಮೇಲೆ ಹಾಕಿ. ಗಂಡನ ಪಕ್ಕ. ಇಲ್ಲಿ ಹಾಕ್ಬೇಡಿ, ಇಲ್ಲಿ ಮಣ್ಣಿಲ್ಲ."

"ಹಾಕ್ತೇನೆ" ಎಂದ ಪೂವಯ್ಯ.

ಮೂರನೆಯ ದಿನ ಬೆಳಿಗ್ಗೆ ಗುಂಡ ಮಳೆಯಲ್ಲಿ ನೆನೆದುಕೊಂಡು ಅವನ ಮನೆ ಬಾಗಿಲಿಗೆ ಬಂದು ನಿಂತ. ಏನನ್ನೂ ಹೇಳಬೇಕಾಗಿರಲಿಲ್ಲ. ಪೂವಯ್ಯ ನೇರ ಬೊಳ್ಳಪ್ಪನ ಬಂಗಲೆಗೆ ಹೋದ.

"ಬಾ ಭಾವ, ಈ ಮಳೇಲಿ ಎಂಥಕ್ಕೆ ಬಂದದ್? ಕೂರ್. ಕಾಫಿ ತರ್ಸುವ."

"ಕೂರುದಿಲ್ಲ. ಮಾದಿ ಹೋದ್ಲು. ಅರವತ್ತಮೂರಲ್ಲಿ ಆರು ಅಡಿ ಜಾಗ ಕೊಡು. ಅವಳದ್ದೇ ಕಲ್ಲು ಹಾಕಿದ ಜಾಗ ಉಟ್ಟು. ಅದರ ಮೇಲೆ ಕಾಫಿ ಗಿಡ ಬೇಕಾದ್ರೆ ನಾನೇ ನೆಟ್ಟುಕೊಡ್ತೇನೆ."

ಬೊಳ್ಳಪ್ಪ ಎದ್ದು ಜಗಲಿಯ ತುದಿಯವರೆಗೆ ಹೋಗಿ, ಗುಡ್ಡದ ಕಡೆ ನೋಡಿ, ಮೆಲ್ಲಗೆ ತಿರುಗಿ ಬಂದ. ಕೆಟ್ಟ ಮನುಷ್ಯನಾಗಿದ್ದರೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ.

"ಒಬ್ಬಳ ಹೆಣ ಅಲ್ಲ ಭಾವ ಇದು. ನೀನೇ ದೊಡ್ಡ ಕಚೇರಿಗೆ ಅರ್ಜಿ ಮೇಲೆ ಅರ್ಜಿ ಹಾಕ್ತಾ ಇದ್ದಿ. ನಾಳೆ ಆ ಹಳೇ ಪುಸ್ತಕ ಸಿಕ್ತು ಅಂತ ಇಟ್ಟುಕೊ. ಅದರಲ್ಲಿ ಹೆಣ ಮಣ್ಣು ಮಾಡಿಕೆ ಹಕ್ಕು ಉಟ್ಟು ಅಂತ ನೀನೇ ಹೇಳಿದ್ದು, ಅಮಲ್ದಾರರ ಮುಂದೆ. ಇವತ್ತು ಒಂದು ಹೆಣಕ್ಕೆ ನಾನು ಜಾಗ ಕೊಟ್ರೆ, ನೋಡಿ ಇವನೇ ಒಪ್ಪಿದ್ದಾನೆ ಅಂತ ಆಗುದಿಲ್ವಾ? ವಕೀಲರು ಮೊದಲೇ ಹೇಳಿಟ್ಟಿದ್ದಾರೆ. ಏನು ಬೇಕಾದ್ರೂ ಕೊಡಿ, ಹೆಣಕ್ಕೆ ಮಾತ್ರ ಜಾಗ ಕೊಡ್ಬೇಡಿ ಅಂತ."

"ಹಾಗಾದ್ರೆ ಅರ್ಜಿ ಹಾಕುದಿಲ್ಲ. ಹಾಕಿದ್ದನ್ನೂ ವಾಪಸು ತೆಗೀತೇನೆ. ಬರೆದು ಕೊಡ್ತೇನೆ ಬೇಕಾದ್ರೆ."

"ನೀನು ಬರೆದು ಕೊಟ್ಟದ್ದಕ್ಕೆ ಈಗ ಎಂಥ ಬೆಲೆ ಉಟ್ಟು ಭಾವ?" ಎಂದ ಬೊಳ್ಳಪ್ಪ. ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. "ಹೆಣ ಹೊದಿಸಿಕೆ ಹೊಸ ಬಟ್ಟೆ ಕಳಿಸ್ತೇನೆ. ನಾಲ್ಕು ಆಳು ಕಳಿಸ್ತೇನೆ."

ಆಳು ಬಂದರು, ಬಟ್ಟೆಯೂ ಬಂತು. ಗುಡ್ಡದ ಬೇಲಿಯ ಹತ್ತಿರ ಬೊಳ್ಳಪ್ಪನ ಇನ್ನಿಬ್ಬರು ಆಳುಗಳು ಮಳೆಗೆ ತಲೆಯಿಂದ ಬೆನ್ನಿನವರೆಗೆ ಗೊರಬೆ ಹೊದ್ದುಕೊಂಡು ನಿಂತಿದ್ದರು, ಯಾರೂ ಹತ್ತದ ಹಾಗೆ ನೋಡಿಕೊಳ್ಳಲು.

ಜೌಗಿನಲ್ಲಿ ಎತ್ತರದ ಜಾಗ ಹುಡುಕಿ ಅಗೆದರು. ಮೊಣಕಾಲಿನಷ್ಟು ಹೋಗುವುದರೊಳಗೆ ಗುಂಡಿಯಲ್ಲಿ ನೀರು ನಿಂತಿತು. ಇನ್ನೊಂದು ಕಡೆ ಅಗೆದರು. ಅಲ್ಲೂ ಅಷ್ಟೆ. ಮೂರನೆಯ ಕಡೆ ಗುಂಡ ಪಾತ್ರೆ ತಂದು ನೀರು ಮೊಗೆಯುತ್ತಾ ನಿಂತ, ಪೂವಯ್ಯ ಗುದ್ದಲಿ ಹಿಡಿದ. ಮೊಗೆದಷ್ಟೂ ತುಂಬಿಕೊಳ್ಳುತ್ತಿತ್ತು. ಬಿಸಾಕಿದ ಮಣ್ಣು ಗಂಜಿಯಂತೆ ಮತ್ತೆ ಒಳಗೇ ಇಳಿಯುತ್ತಿತ್ತು. ಬಂದಿದ್ದ ಆಳುಗಳಲ್ಲಿ ಒಬ್ಬ, ಸಾಕು ಎಂದ. ಮಧ್ಯಾಹ್ನ ಕಳೆದಿತ್ತು.

ಹಾಗೆಯೇ ಇಳಿಸಿದರು. ಮಾದಿ ಹಗುರವಾಗಿದ್ದಳು, ನೀರು ಅವಳನ್ನು ಕೆಳಗೆ ಬಿಡಲಿಲ್ಲ. ಹೊಸ ಬಟ್ಟೆ ಉಬ್ಬಿಕೊಂಡು ತೇಲಿತು. ಗುಂಡ ಇಳಿದು ಎರಡು ಕೈಯಿಂದ ಒತ್ತಿ ಹಿಡಿದ. "ಕಲ್ಲು ತನ್ನಿ" ಎಂದ, ಯಾರ ಮುಖವನ್ನೂ ನೋಡದೆ. ತೊರೆಯಿಂದ ಕಲ್ಲು ಹೊತ್ತು ತಂದರು. ಕಾಲ ಮೇಲೆ ಎರಡು, ಹೊಟ್ಟೆಯ ಮೇಲೆ ಒಂದು, ಎದೆಯ ಮೇಲೆ ಒಂದು. ಎದೆಯ ಕಲ್ಲನ್ನು ಪೂವಯ್ಯನೇ ಇಟ್ಟ. ಮೇಲೆ ಕೆಸರು ಎಳೆದರು. ಆಳುಗಳು ಕೈ ತೊಳೆದುಕೊಂಡು ಹೊರಟುಹೋದರು.

ಗುಂಡ ಮಾತ್ರ ತೊಡೆಯವರೆಗಿನ ಕೆಸರಿನಲ್ಲಿ ನಿಂತೇ ಇದ್ದ.

"ಬಾ ಗುಂಡ, ಮನೆಗೆ ಹೋಗುವ. ಗಂಗಮ್ಮ ಗಂಜಿ ಇಟ್ಟಿರ್ತಾಳೆ."

"ನೀವು ಹೋಗಿ ಅಯ್ಯಾ. ಮಳೆ ಕಮ್ಮಿ ಆಗೋವರೆಗೆ ನಾನು ಇಲ್ಲಿ ನಿಲ್ಬೇಕು. ಕಲ್ಲು ಜರುಗಿದ್ರೆ ಅವ್ವ ಮೇಲೆ ಬರ್ತಾಳೆ."

ಪೂವಯ್ಯ ಇನ್ನೊಂದು ಕಲ್ಲು ತರಲು ತೊರೆಗೆ ಇಳಿದ.